ಒಂದೇ ಪ್ರಾಣಿಯ ದಿಗ್ವಿಜಯ

ಸ್ಮರಣಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದವಳು ಪರೀಕ್ಷೆಯ ಫಲಿತಾಂಶ, ಕಟ್ಟಡದ ನಿಧಿ ಮೊದಲಾದವುಗಳನ್ನು ಕುರಿತು ಬರೆಯುವುದು ವಾಡಿಕೆ. ಆ ವರದಿಯು ಬೇರೆ ಪುಟದಲ್ಲಿದೆ. ಇಲ್ಲಿ ನಾನು ಒಂದು ಆಟದ ವಿಷಯವನ್ನು ವಿವರಿಸಬೇಕೆಂದಿದ್ದೇನೆ.

ಕಳೆದ ವರುಷ ವಸತಿಗೃಹದಲ್ಲಿ ಸಂಜೆಯ ಓದಿನ ವೇಳೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಭೂಗೋಳದ ಪುಸ್ತಕದ ಮರೆಯಲ್ಲಿ ಅಂಗೈಯಗಲದ ಯಂತ್ರವೊಂದನ್ನಿಟ್ಟುಕೊಂಡು ಆಡುತ್ತಿದ್ದಳು. ಪರದೇಶದಲ್ಲಿರುವ ಸೋದರಮಾವನು ತನ್ನ ಬಾಲ್ಯದ ಯಂತ್ರವನ್ನು ಅವಳಿಗೆ ಕೊಟ್ಟಿದ್ದನಂತೆ. ನಿಯಮದಂತೆ ಅದನ್ನು ತೆಗೆದು ಬೀರುವಿನಲ್ಲಿಟ್ಟೆನು. ಮಾರನೆಯ ದಿನ ಅವಳು ಬಂದು, “ಮಿಸ್, ಶಿಕ್ಷೆ ಏನಾದರೂ ಕೊಡಿ. ಆದರೆ ಅದರಲ್ಲಿರುವುದನ್ನು ಅಳಿಸಬೇಡಿ. ಒಂದೇ ಆಮೆಯನ್ನಿಟ್ಟುಕೊಂಡು ಅಷ್ಟು ದೂರ ಬಂದಿದ್ದೇನೆ” ಎಂದು ಕಣ್ಣೀರಿಟ್ಟಳು. ಆ ಮಾತು ನನಗೆ ತಿಳಿಯಲಿಲ್ಲ. ಕುಳಿತು ವಿವರಿಸೆಂದೆನು. ಒಂದು ಗಂಟೆಯ ಕಾಲ ವಿವರಿಸಿದಳು. ತರಗತಿಯಲ್ಲಿ ಎಂದೂ ಅಷ್ಟು ಸ್ಪಷ್ಟವಾಗಿ ಮಾತಾಡಿದವಳಲ್ಲ.

ಆ ಆಟದ ಹೆಸರು ಪೋಕೆಮಾನ್. ಜಪಾನಿನಲ್ಲಿ 1996ನೆಯ ಇಸವಿ ಫೆಬ್ರವರಿ 27ರಂದು ನಿಂಟೆಂಡೋ ಸಂಸ್ಥೆಯ ಗೇಮ್ ಬಾಯ್ ಎಂಬ ಕೈಯಂತ್ರಕ್ಕಾಗಿ ಇದು ಪ್ರಕಟವಾಯಿತು. 1998ರಲ್ಲಿ ಅಮೆರಿಕಕ್ಕೆ ಬಂದಿತು. ಇದನ್ನು ಕಲ್ಪಿಸಿದ ಸತೋಶಿ ತಜಿರಿ ಎಂಬವರು ಬಾಲ್ಯದಲ್ಲಿ ಹುಳುಹುಪ್ಪಟೆಗಳನ್ನು ಹಿಡಿದು ಕೂಡಿಡುವುದರಲ್ಲಿ ಬಹಳ ಆಸಕ್ತರಾಗಿದ್ದರು. ಆ ಸಂತೋಷವೇ ಆಟದ ಮೂಲವು. ಆಡುವವನು ಊರಿಂದೂರಿಗೆ ನಡೆಯುತ್ತ, ಹುಲ್ಲುಗಾವಲುಗಳಲ್ಲಿಯೂ ಗುಹೆಗಳಲ್ಲಿಯೂ ಸಿಕ್ಕುವ ವಿಚಿತ್ರ ಪ್ರಾಣಿಗಳನ್ನು ಹಿಡಿದು, ಪಳಗಿಸಿ, ಇತರರ ಪ್ರಾಣಿಗಳೊಡನೆ ಕಾದಾಡಿಸಬೇಕು. ಮೊದಲಿನ ಆ ಆಟದಲ್ಲಿ ಇಂಥ 151 ಪ್ರಾಣಿಗಳುಂಟು. ಎಂಟು ಊರುಗಳಲ್ಲಿ ಎಂಟು ಗರಡಿಗಳಿವೆ. ಪ್ರತಿಯೊಂದು ಗರಡಿಯ ಉಸ್ತಾದನನ್ನು ಸೋಲಿಸಿ ಒಂದೊಂದು ಬಿಲ್ಲೆಯನ್ನು ಪಡೆದ ಮೇಲೆ ಕೊನೆಗೆ ನಾಲ್ವರು ಮಹಾಮಲ್ಲರನ್ನೂ ಅವರ ಮೇಲಿನ ವಿಜೇತನನ್ನೂ ಗೆಲ್ಲತಕ್ಕದ್ದು.

ಒಮ್ಮೆಗೆ ಆರು ಪ್ರಾಣಿಗಳನ್ನು ಜೊತೆಯಲ್ಲಿ ಒಯ್ಯಬಹುದು. ಆರೇಕೆಂದರೆ, ಪ್ರತಿಯೊಂದಕ್ಕೂ ಒಂದು ಗುಣವಿದೆ: ನೀರು, ಬೆಂಕಿ, ಹಸಿರು, ಸಿಡಿಲು, ಕಲ್ಲು, ಹೀಗೆ 15 ಬಗೆ. ನೀರಿನದು ಕಲ್ಲಿನದನ್ನು ಸುಲಭವಾಗಿ ಗೆಲ್ಲುವುದು. ಸಿಡಿಲಿನದಕ್ಕೆ ತಾನೇ ಸೋಲುವುದು. ಆದುದರಿಂದ ಎದುರಾಳಿಯನ್ನು ನೋಡಿ ತಕ್ಕ ಪ್ರಾಣಿಯನ್ನು ಮುಂದೆ ಕಳುಹಿಸುವುದೇ ಆಟದ ಜಾಣತನವೆಂದು ಯಾರಿಗಾದರೂ ತೋರುವುದು. ಆದರೆ ಲೋಕದಲ್ಲಿ ಅನೇಕರು ಬೇಕೆಂದೇ ಒಂದೇ ಪ್ರಾಣಿಯನ್ನು ಕಾದಾಡಿಸಿ ಆಟವನ್ನು ಮುಗಿಸುವ ಹಟವನ್ನು ತೊಡುತ್ತಾರೆ. ಹಟಮಾರಿತನವೆಂದು ನಾನು ನಕ್ಕೆನು. ಹುಡುಗಿಯು ನಗದೆ ಲೆಕ್ಕವನ್ನು ಬರೆದು ತೋರಿಸಿದಳು.

ಆ ಲೆಕ್ಕವು ಹೀಗಿದೆ. ಕಾದಾಟದಲ್ಲಿ ಗೆದ್ದ ಪ್ರಾಣಿಗೆ ಅನುಭವದ ಅಂಕಗಳು ಸಲ್ಲುತ್ತವೆ. ಅಂಕಗಳು ಕೂಡಿದಂತೆ ಅದರ ಮಟ್ಟವು ಏರುತ್ತದೆ. 100ನೆಯ ಮಟ್ಟವೇ ಕಡೆಯದು. ಮೊದಲನೆಯ ಗರಡಿಯ ಉಸ್ತಾದನಾದ ಬ್ರಾಕನಲ್ಲಿ ಓನಿಕ್ಸ್ ಎಂಬ ಕಲ್ಲುಹಾವೊಂದಿದೆ. ಅದರ ಮಟ್ಟ 14. ಅದನ್ನು ಒಂದೇ ಪ್ರಾಣಿಯು ಸೋಲಿಸಿದರೆ ಅದಕ್ಕೆ 324 ಅಂಕಗಳು. ಮೂರು ಪ್ರಾಣಿಗಳು ಸರದಿಯಾಗಿ ಇಳಿದು ಸೋಲಿಸಿದರೆ ತಲಾ 108 ಮಾತ್ರ. ಹೀಗೆ ಪಾಲಾಗದೆ ಉಳಿದ ಅನುಭವವೆಲ್ಲ ಒಂದರಲ್ಲಿಯೇ ಶೇಖರವಾಗುವುದರಿಂದ, ಆ ಒಂಟಿ ಪ್ರಾಣಿಯು ದಾರಿಯಲ್ಲಿ ಎದುರಾಗುವವರೆಲ್ಲರಿಗಿಂತ ಬೇಗನೆ ಎತ್ತರಕ್ಕೆ ಬೆಳೆದುಬಿಡುವುದು. ಹಟಕ್ಕೆ ಆಧಾರವಿತ್ತು.

ಆದರೂ ಕಷ್ಟಗಳಿವೆ. ಒಂದು ಪ್ರಾಣಿಯು ನಾಲ್ಕೇ ಪಟ್ಟುಗಳನ್ನು ನೆನಪಿಡಬಲ್ಲದು. ಐದನೆಯದನ್ನು ಕಲಿಯಬೇಕಾದರೆ ಒಂದನ್ನು ಮರೆಯಬೇಕು. ಪ್ರತಿ ಪಟ್ಟನ್ನು ಹಾಕಲು ಇಷ್ಟೇ ಸಲವೆಂಬ ಮಿತಿಯೂ ಉಂಟು. ಎದುರಾಳಿಯು ನಿದ್ದೆ ಬರಿಸಿದರೆ, ಆರಿದ್ದವರು ಬೇರೊಂದನ್ನು ಕಳುಹಿಸುವರು. ಒಂದೇ ಇದ್ದವರು ಅದು ಪೆಟ್ಟು ತಿನ್ನುವುದನ್ನು ನೋಡುತ್ತ ಕುಳಿತಿರಬೇಕು. ಅದು ಮೂರ್ಛೆಹೋದರೆ ಎಲ್ಲವೂ ಸೋತಂತೆಯೇ. ಎಲ್ಲ ಪ್ರಾಣಿಗಳಿಂದಲೂ ಇದು ಸಾಧ್ಯವೆಂದೂ ತಿಳಿಯಬಾರದು. ಮ್ಯಾಜಿಕಾರ್ಪ್ ಎಂಬ ಬಡ ಮೀನಿಗೆ ಮೊದಲು ಬರುವುದು ನೀರಿನಲ್ಲಿ ಪಟಪಟನೆ ಒದ್ದಾಡುವುದೊಂದೇ. ಅದರಿಂದ ಯಾರಿಗೂ ನೋವಾಗದು. 15ನೆಯ ಮಟ್ಟದಲ್ಲಿ ಡಿಕ್ಕಿಹೊಡೆಯಲು ಕಲಿಯುವುದು. 20ರಲ್ಲಿ ದೊಡ್ಡ ಘಟಸರ್ಪವಾಗಿ ಮಾರ್ಪಡುವುದನ್ನು ತಡೆದು ಮೀನಾಗಿಯೇ ಉಳಿಸಿಕೊಂಡರೆ, ಮಹಾಮಲ್ಲರಲ್ಲಿ ಮೂರನೆಯವಳಾದ ಅಗಾಥಾಳ ಭೂತಗಳ ಮುಂದೆ ಅದರ ಪ್ರಯಾಣವು ನಿಲ್ಲುವುದು. ಭೂತಗಳಿಗೆ ಡಿಕ್ಕಿಯು ತಾಗುವುದೇ ಇಲ್ಲ.

ನಮ್ಮ ಹುಡುಗಿಯದು ಸ್ಕ್ವರ್ಟಲ್ ಎಂಬ ನೀರಾಮೆ. ಮೊದಲ ದಿನ ಪ್ರೊಫೆಸರರು ಕೊಡುವ ಮೂರು ಮರಿಗಳಲ್ಲಿ ಅದೊಂದು. ಬ್ರಾಕನ ಕಲ್ಲುಗಳು ಅದರ ನೀರಿಗೆ ಕರಗಿದಂತಾದವು. ಮೂರನೆಯ ಗರಡಿಯಲ್ಲಿ ಸಿಡಿಲಿನ ಉಸ್ತಾದನಿದ್ದನು. ನೀರಾಮೆಗೆ ಅದು ಮೃತ್ಯುಸ್ಥಾನ. ಅವಳು ಆಮೆಗೆ ನೆಲವನ್ನು ತೋಡುವ ಪಟ್ಟನ್ನು ಕಲಿಸಿದಳು. ಮೊದಲ ಸರದಿಯಲ್ಲಿ ಆಮೆಯು ಮಣ್ಣಿನೊಳಗೆ ಹುದುಗುವುದು, ಸಿಡಿಲು ಮೇಲೆ ವ್ಯರ್ಥವಾಗಿ ಹೋಗುವುದು; ಎರಡನೆಯದರಲ್ಲಿ ಎದ್ದು ಹೊಡೆಯುವುದು. ಮುಂದೆ ಹಸಿರಿನ ಗರಡಿಗೆ ಮಂಜಿನ ಪಟ್ಟು ಬೇಕಾಯಿತು. ದೊಡ್ಡ ಅಂಗಡಿಯ ಮಾಳಿಗೆಯ ಮೇಲೆ ಬಾಯಾರಿದ ಪುಟ್ಟ ಹುಡುಗಿಯೊಬ್ಬಳು ನಿಂತಿರುವಳು. ಅವಳಿಗೆ ನೀರಿನ ಬಾಟಲಿ ಕೊಟ್ಟರೆ ಆ ವಿದ್ಯೆಯನ್ನು ಕೊಡುವಳು. ಈ ಭಾಗವನ್ನು ಕೇಳಿದಾಗ ಆಟವನ್ನು ಮಾಡಿದವರ ಮೇಲಿದ್ದ ನನ್ನ ಕೋಪವು ಸ್ವಲ್ಪ ಇಳಿಯಿತೆಂದು ಒಪ್ಪಿಕೊಳ್ಳುತ್ತೇನೆ.

ಇಲ್ಲಿಯವರೆಗೆ ಕೇಳಿ ನಾನು, “ಹಾಗಾದರೆ ನಿನ್ನ ಆಮೆಗೆ ಯಾರ ಸಹಾಯವೂ ಬೇಕಾಗಲಿಲ್ಲವೋ?” ಎಂದೆನು. ಅವಳು ಸ್ವಲ್ಪ ಸಂಕೋಚದಿಂದ, “ಹೊರೆಯಾಳುಗಳಿದ್ದಾರೆ, ಮಿಸ್” ಎಂದಳು.

ಸಂಗತಿ ಏನೆಂದರೆ, ಆ ಸಿಡಿಲಿನ ಗರಡಿಯ ಬಾಗಿಲಿಗೆ ಅಡ್ಡವಾಗಿ ಒಂದು ಗಿಡವಿದೆ. ಅದನ್ನು ಕಡಿಯುವ ವಿದ್ಯೆಯನ್ನು, ಹಡಗಿನಲ್ಲಿ ವಾಂತಿಯಿಂದ ನರಳುತ್ತಿರುವ ಕಪ್ತಾನನ ಬೆನ್ನನ್ನು ತಿಕ್ಕಿ ಪಡೆಯಬೇಕು. ಆದರೆ ಆಮೆಯು ಅದನ್ನು ಕಲಿಯಲಾರದು. ಮುಂದೆ ಸಮುದ್ರವನ್ನು ಈಜಿ ದಾಟಬೇಕು, ಕೊನೆಯ ಗುಹೆಯಲ್ಲಿ ಬಂಡೆಗಳನ್ನು ನೂಕಬೇಕು. ಮೊದಲಿನ ಮೂರು ಮರಿಗಳಲ್ಲಿ ಯಾವುದೊಂದಕ್ಕೂ ಈ ಮೂರು ವಿದ್ಯೆಗಳೂ ಬರುವುದಿಲ್ಲ. ಆಮೆಗೆ ಈಜೂ ನೂಕುವುದೂ ಸಾಧ್ಯವಾದರೂ, ಇಂಥ ವಿದ್ಯೆಯನ್ನು ಒಮ್ಮೆ ಕಲಿತರೆ ಈ ಆಟದಲ್ಲಿ ಮರೆಯುವ ಉಪಾಯವಿಲ್ಲ. ನಾಲ್ಕರಲ್ಲಿ ಒಂದು ಸ್ಥಳವು ಶಾಶ್ವತವಾಗಿ ಹೋಗುವುದು. ಈಜು ಕಾದಾಟಕ್ಕೂ ಒಳ್ಳೆಯ ಪಟ್ಟಾದುದರಿಂದ ಅದನ್ನು ಆಮೆಗೆ ಕಲಿಸಿದಳು. ಬಂಡೆಗಾಗಿ ಮಾಚಾಪ್ ಎಂಬ ಜಟ್ಟಿಮರಿಯನ್ನೂ, ಗಿಡಕ್ಕಾಗಿ ಆಡಿಶ್ ಎಂಬ ಗೆಡ್ಡೆಯಂಥ ಸಣ್ಣ ಪ್ರಾಣಿಯನ್ನೂ ಹಿಡಿದು ಜೊತೆಗಿಟ್ಟುಕೊಂಡಳು. ಅವು ಕಣಕ್ಕಿಳಿಯುವುದಿಲ್ಲ. ಆಡಿಶ್ ಸಿಕ್ಕಿದಾಗ 13ನೆಯ ಮಟ್ಟದಲ್ಲಿತ್ತು; ಅರ್ಧ ಲೋಕವನ್ನು ಸುತ್ತಿದ ಮೇಲೆಯೂ 13ರಲ್ಲಿಯೇ ಇತ್ತು.

ಇದನ್ನು ಕೇಳಿದ ರಾತ್ರಿ ನನಗೆ ಬೇಗನೆ ನಿದ್ದೆ ಬರಲಿಲ್ಲ. ಬಹಳ ವರುಷಗಳ ಹಿಂದೆ, ಬೇರೊಂದು ಊರಿನಲ್ಲಿ ನಾನು ಹೊಸ ಉಪಾಧ್ಯಾಯಿನಿಯಾಗಿದ್ದಾಗ, ಭಾಷಣಸ್ಪರ್ಧೆಗಳಿಗೆ ಹುಡುಗಿಯರನ್ನು ಸಿದ್ಧಪಡಿಸುವ ಕೆಲಸವು ನನ್ನ ಪಾಲಿಗೆ ಬಂದಿತ್ತು. ಒಬ್ಬಳು ಮೊದಲ ವರುಷವೇ ಬಹುಮಾನ ತಂದಳು. ಎರಡನೆಯ ವರುಷವೂ ಅವಳನ್ನೇ ಕಳುಹಿಸಿದೆನು, ಮೂರನೆಯ ವರುಷವೂ ಅವಳನ್ನೇ. ಶನಿವಾರದ ನನ್ನ ವೇಳೆಯೆಲ್ಲ ಅವಳಿಗೆ. ಅದೇ ತರಗತಿಯ ಇನ್ನೊಬ್ಬಳು ಅವಳ ಭಾಷಣಗಳನ್ನು ದುಂಡಾದ ಅಕ್ಷರದಲ್ಲಿ ನಕಲು ಮಾಡಿ ಕೊಡುವಳು, ಸಭೆಯಲ್ಲಿ ನೀರಿನ ಲೋಟವನ್ನು ಹಿಡಿದು ನಿಲ್ಲುವಳು. ಮೂರನೆಯ ವರುಷ ಸ್ಪರ್ಧೆಯ ಬೆಳಗ್ಗೆ ನನ್ನ ಹುಡುಗಿಗೆ ಜ್ವರ ಬಂದಿತು. ನಕಲು ಮಾಡಿದವಳಿಗೆ ಭಾಷಣವು ಬಾಯಿಪಾಠವಾಗಿತ್ತು. ವೇದಿಕೆಯ ಮೇಲೆ ಕಳುಹಿಸಿದೆನು. ಎರಡು ವಾಕ್ಯವಾದ ಮೇಲೆ ಅವಳ ಸ್ವರವು ಹೊರಡಲಿಲ್ಲ. ಅವಳು ಕಲಿಯದೆ ಇದ್ದುದರಿಂದ ಹಾಗಾಗಲಿಲ್ಲ. ಅವಳನ್ನು ನಾನು ಒಂದು ಸಲವಾದರೂ ಎತ್ತರದ ಮೇಲೆ ನಿಲ್ಲಿಸಿರಲಿಲ್ಲ.

ರಜೆಗೆ ಮೊದಲು ತಾಯಿಯವರು ಬಂದಾಗ ಯಂತ್ರವನ್ನು ಅವರ ಕೈಗೆ ಕೊಟ್ಟೆನು. ಪರೀಕ್ಷೆ ಮುಗಿಯುವವರೆಗೆ ಮನೆಯಲ್ಲಿಯೇ ಇರಬೇಕೆಂಬ ಷರತ್ತಿನ ಮೇಲೆ. ಬೇಸಗೆಯಲ್ಲಿ ಹುಡುಗಿಯು ಆಟವನ್ನು ಮುಗಿಸಿದಳು. ಕೊನೆಯ ಐದು ಕಾಳಗಗಳಲ್ಲಿ ಒಟ್ಟು 26 ಪ್ರಾಣಿಗಳನ್ನು ಆ ಒಂದೇ ಆಮೆಯು ಎದುರಿಸಬೇಕು, ನಡುವೆ ಆಸ್ಪತ್ರೆಯಿಲ್ಲ. ಎರಡು ಸಲ ಸೋತು ಮೂರನೆಯ ಸಲ ಗೆದ್ದಳಂತೆ. ಅಂಕಪಟ್ಟಿಗಾಗಿ ಬಂದಾಗ ಯಂತ್ರವನ್ನು ನನಗೆ ತೋರಿಸಲೆಂದೇ ತಂದಿದ್ದಳು.

ಗೆದ್ದವರ ಪ್ರಾಣಿಗಳನ್ನು ಕೀರ್ತಿಮಂದಿರವೊಂದರಲ್ಲಿ ದಾಖಲು ಮಾಡುವುದು ಈ ಆಟದ ಪದ್ಧತಿ. ಜೊತೆಯಲ್ಲಿದ್ದ ಪ್ರಾಣಿಗಳೆಲ್ಲವೂ ಒಂದೊಂದಾಗಿ ಪರದೆಯ ಮೇಲೆ ಬರುತ್ತವೆ. ಕಾದಾಡಿದವು ಯಾವುವು, ಕಾದಾಡದವು ಯಾವುವು ಎಂದು ಯಂತ್ರವು ವಿಚಾರಿಸುವುದಿಲ್ಲ. ಮೊದಲು ಮಹಾಕಾಯವಾಗಿ ಬೆಳೆದ ಆಮೆಯು ಬಂದಿತು. ಆಮೇಲೆ ಜಟ್ಟಿಮರಿ. ಕಡೆಗೆ, ತಲೆಯ ಮೇಲೆ ಐದು ಎಲೆಗಳನ್ನು ಹೊತ್ತ ಆಡಿಶ್, ಮಟ್ಟ 13.

“ಇದನ್ನು ಗುಹೆ ದಾಟಿದ ಮೇಲೆ ಬಿಟ್ಟುಬಿಡಬಹುದಾಗಿತ್ತು, ಮಿಸ್. ಅಲ್ಲಿಂದ ಮುಂದೆ ಗಿಡವೇ ಇಲ್ಲ” ಎಂದಳು.

“ಯಾಕೆ ಬಿಡಲಿಲ್ಲ?” ಎಂದು ಕೇಳಿದೆನು.

ಅವಳು ಉತ್ತರ ಕೊಡದೆ ಯಂತ್ರವನ್ನು ಆರಿಸಿ ಚೀಲದಲ್ಲಿಟ್ಟುಕೊಂಡು, ಅಂಕಪಟ್ಟಿಯ ರಿಜಿಸ್ಟರಿನಲ್ಲಿ ಸಹಿ ಎಲ್ಲಿ ಮಾಡಬೇಕೆಂದು ಕೇಳಿದಳು.