ನಾಲ್ಕನೆಯವನಿಗೆ ಜಾಗವೆಲ್ಲಿ?

ಟ್ಯಾಂಕಿನೊಳಗೆ ಎಲ್ಲರಿಗಿಂತ ಹೆಚ್ಚು ಜಾಗ ಕೇಳುವವನು ಲೋಡರ್. ಚಾಲಕ, ಗನ್ನರ್, ಕಮಾಂಡರ್ ಮೂವರೂ ಕೂತಲ್ಲೇ ಕೆಲಸ ಮಾಡುತ್ತಾರೆ. ಲೋಡರ್ ನಿಲ್ಲಬೇಕು, ತಿರುಗಬೇಕು, ಸುಮಾರು ಇಪ್ಪತ್ತು ಕಿಲೋ ತೂಗುವ ಗುಂಡನ್ನು ಗೂಡಿನಿಂದ ಎಳೆದು ಎದೆಗಾನಿಸಿಕೊಂಡು ಫಿರಂಗಿಯ ಹಿಂಬಾಯಿಗೆ ತುರುಕಿ ಕೈ ಹಿಂದೆಗೆಯಬೇಕು. ಅದೂ ಹಳ್ಳದಿಣ್ಣೆಗಳ ಮೇಲೆ ಓಡುತ್ತಿರುವ ವಾಹನದಲ್ಲಿ, ಕೆಲವೇ ಸೆಕೆಂಡುಗಳಲ್ಲಿ. ಅವನಿಗೆ ತಲೆ ತಾಗದಷ್ಟು ಎತ್ತರ ಬೇಕು, ಮೊಣಕೈ ಆಡುವಷ್ಟು ಅಗಲ ಬೇಕು. ಆ ಎತ್ತರ ಅಗಲಗಳ ಸುತ್ತ ಕವಚ ಹೊದಿಸಬೇಕು. ಒಬ್ಬ ಮನುಷ್ಯ ನಿಲ್ಲಲಿ ಅಂತ ಜಾಗ ಬಿಟ್ಟರೆ ಟ್ಯಾಂಕಿನ ತೂಕ ಟನ್ನುಗಳ ಲೆಕ್ಕದಲ್ಲಿ ಏರುತ್ತದೆ. ತೂಕ ಏರಿದ ಮೇಲೆ ಎಂಜಿನ್ ದೊಡ್ಡದಾಗಬೇಕು, ದೊಡ್ಡ ಎಂಜಿನ್ನಿಗೆ ಹೆಚ್ಚು ಇಂಧನ ತುಂಬಬೇಕು, ಆ ಎಂಜಿನ್ನಿಗೂ ಇಂಧನಕ್ಕೂ ಮತ್ತೆ ಕವಚ ಬೇಕು. ಇಷ್ಟೆಲ್ಲ ಆಗುವ ಹೊತ್ತಿಗೆ ಹಳ್ಳಿಯ ಸೇತುವೆ ಅದನ್ನು ಹೊರಲಾರೆ ಅನ್ನುತ್ತದೆ.

ಹಾಗಾಗಿ ಯಾವುದೇ ದೇಶದ ಟ್ಯಾಂಕಿನ ಚಿತ್ರ ಕಂಡರೂ ನಾನು ಫಿರಂಗಿಯ ಅಳತೆಯನ್ನು ಆಮೇಲೆ ನೋಡುತ್ತೇನೆ. ಒಳಗೆ ಎಷ್ಟು ಸೀಟು, ಆ ಸೀಟುಗಳಿಂದ ಮದ್ದುಗುಂಡು ಎಷ್ಟು ದೂರ, ಇವೆರಡು ಗೊತ್ತಾದರೆ ಆ ದೇಶದ ಎಂಜಿನಿಯರುಗಳು ಯಾವುದಕ್ಕೆ ಹೆದರಿದ್ದರು, ಯಾವುದನ್ನು ಬಿಟ್ಟುಕೊಡಲು ಒಪ್ಪಿದ್ದರು ಅನ್ನುವುದು ಬಹುಮಟ್ಟಿಗೆ ತಿಳಿಯುತ್ತದೆ. ಇದು ಕೊಲ್ಲಲೆಂದೇ ಕಟ್ಟಿದ ಯಂತ್ರ, ಅದನ್ನು ಮರೆಯುವಂತಿಲ್ಲ. ಆದರೂ ಒಳಗಿರುವವರನ್ನು ಬದುಕಿಸುವುದಕ್ಕೆ ಇಲ್ಲಿ ಸುರಿದಿರುವ ಬುದ್ಧಿಯನ್ನು ಮೆಚ್ಚದೆ ಇರಲಾಗುವುದಿಲ್ಲ.

ಕವಚದ ಮೇಲೆ ಬೀಳುವ ಪೆಟ್ಟು ಮುಖ್ಯವಾಗಿ ಎರಡು ಬಗೆ. ಒಂದು, ಟಂಗ್‌ಸ್ಟನ್ ಅಥವಾ ಯುರೇನಿಯಮ್ಮಿನ ಉದ್ದನೆಯ ಬಾಣ. ನಳಿಗೆಯಿಂದ ಹೊರಬಿದ್ದ ಕೂಡಲೇ ಸುತ್ತಲಿನ ಹಗುರವಾದ ಹೋಳುಗಳು ಕಳಚಿಬಿದ್ದು, ಸೆಕೆಂಡಿಗೆ ಒಂದೂವರೆ ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಬಾಣವೊಂದೇ ಹೋಗುತ್ತದೆ. ಅದರಲ್ಲಿ ಸಿಡಿಮದ್ದು ಇಲ್ಲ, ವೇಗವೇ ಅದರ ಶಕ್ತಿ. ಇನ್ನೊಂದು ಬಗೆಯಲ್ಲಿ ತಾಮ್ರದ ಶಂಕುವಿನ ಹಿಂದೆ ಸಿಡಿಮದ್ದು ಇರುತ್ತದೆ. ಅದು ಸಿಡಿದಾಗ ಶಂಕು ಮುದುಡಿಕೊಂಡು ಸೂಜಿಯಂಥ ಲೋಹದ ಧಾರೆಯಾಗಿ ಉಕ್ಕನ್ನು ತೂರುತ್ತದೆ. ಹೆಗಲ ಮೇಲಿಟ್ಟು ಹಾರಿಸುವ ರಾಕೆಟ್ಟುಗಳು ಈ ಜಾತಿಯವು. 1960ರ ದಶಕದಲ್ಲಿ ಬ್ರಿಟನ್ನಿನ ಚೋಬಮ್ ಬಳಿಯ ಸಂಶೋಧನಾಲಯದಲ್ಲಿ ಉಕ್ಕಿನ ನಡುವೆ ಪಿಂಗಾಣಿ ಜಾತಿಯ ಹಲಗೆಗಳನ್ನು ಅಡಕಿ ಈ ಧಾರೆಯನ್ನು ಕೆಡಿಸುವ ಕವಚವನ್ನು ರೂಪಿಸಿದರು. ಊರಿನ ಹೆಸರೇ ಕವಚಕ್ಕೂ ನಿಂತಿತು. ಆದರೆ ಇಂಥ ದಪ್ಪ ಕವಚವನ್ನು ಎಲ್ಲ ಕಡೆಗೂ ಹೊದಿಸಲು ಆಗುವುದಿಲ್ಲ. ಮುಂಭಾಗಕ್ಕೆ ಸಿಂಹಪಾಲು, ಪಕ್ಕಕ್ಕೆ ಅದಕ್ಕಿಂತ ಕಡಿಮೆ. ಹಿಂಭಾಗಕ್ಕೂ ಮೇಲ್ಭಾಗಕ್ಕೂ ಸಿಗುವುದು ಉಳಿದಷ್ಟು.

ಸೋವಿಯತ್ ಎಂಜಿನಿಯರುಗಳು ಲೋಡರನನ್ನೇ ಇಳಿಸಿಬಿಟ್ಟರು. 1970ರ ದಶಕದ ಆರಂಭದಲ್ಲಿ ಸೇನೆಗೆ ಸೇರಿದ ಟಿ-72ರಲ್ಲಿ ಮೂವರೇ. ಫಿರಂಗಿ ಹೊತ್ತು ತಿರುಗುವ ಗೋಪುರ, ಅಂದರೆ ಟರೆಟ್ಟಿನ ಅಡಿಯಲ್ಲಿ, ನೆಲಕ್ಕೆ ತಾಗಿದಂತೆ, ಒಂದು ದುಂಡು ತಟ್ಟೆ ಇದೆ. ಅದರಲ್ಲಿ 22 ಗುಂಡುಗಳು ಮೂತಿ ನಡುವಿಗೆ ಮಾಡಿ ಮಲಗಿರುತ್ತವೆ, ಪ್ರತಿಯೊಂದರ ಮೇಲೂ ಅದರದರ ಮದ್ದಿನ ಕೊಳವೆ. ಗನ್ನರ್ ಯಾವ ಬಗೆಯ ಗುಂಡು ಬೇಕೆಂದು ಸ್ವಿಚ್ಚು ತಿರುಗಿಸಿದರೆ ತಟ್ಟೆ ತಿರುಗಿ ಆ ಗುಂಡನ್ನು ಎತ್ತುಯಂತ್ರದ ಕೆಳಗೆ ತಂದು ನಿಲ್ಲಿಸುತ್ತದೆ. ಫಿರಂಗಿ ತಾನಾಗಿ ಒಂದು ನಿಗದಿತ ಕೋನಕ್ಕೆ ಏಳುತ್ತದೆ. ಮೊದಲು ಗುಂಡು, ಅದರ ಹಿಂದೆ ಮದ್ದು ಒಳಗೆ ಹೋಗುತ್ತವೆ. ಮದ್ದಿನ ಕೊಳವೆ ಉರಿದುಹೋಗುವ ಜಾತಿಯದು. ಹಾರಿಸಿದ ಮೇಲೆ ಉಳಿಯುವುದು ತಳದ ಲೋಹದ ಬಿಲ್ಲೆಯೊಂದೇ, ಅದನ್ನು ಟರೆಟ್ಟಿನ ಹಿಂದಿನ ಕಿಂಡಿಯಿಂದ ಯಂತ್ರವೇ ಹೊರಗೆಸೆಯುತ್ತದೆ.

ಇದರಿಂದ ಸಿಕ್ಕ ಲಾಭ ದೊಡ್ಡದು. ಸುಮಾರು 41 ಟನ್ನಿನಲ್ಲಿ 125 ಮಿಲಿಮೀಟರ್ ಫಿರಂಗಿಯ ಟ್ಯಾಂಕು ತಯಾರಾಯಿತು. ಅದೇ ದಶಕದಲ್ಲಿ ನಾಲ್ವರನ್ನು ಕೂರಿಸಿದ ಜರ್ಮನಿಯ ಲೆಪರ್ಡ್-2 ಸುಮಾರು 55 ಟನ್ನಿಗೆ ಬಂದು ನಿಂತಿತ್ತು. ಟಿ-72 ತಗ್ಗಾಗಿದೆ, ದೂರದಿಂದ ಕಣ್ಣಿಗೆ ಬೀಳುವುದು ಕಷ್ಟ. ರಾಶಿರಾಶಿಯಾಗಿ ಕಟ್ಟಬಹುದು, ಆರು ತಿಂಗಳ ತರಬೇತಿಯ ಹುಡುಗನ ಕೈಗೆ ಕೊಡಬಹುದು. ಚೆನ್ನೈ ಹತ್ತಿರದ ಆವಡಿಯಲ್ಲಿ ನಾವೂ ಅದನ್ನು ಅಜೇಯ ಎಂಬ ಹೆಸರಿನಲ್ಲಿ ಕಟ್ಟಿದೆವು.

ಬೆಲೆಯೂ ಅಷ್ಟೇ ದೊಡ್ಡದು. ಗನ್ನರ್, ಕಮಾಂಡರ್ ಇಬ್ಬರೂ ಮದ್ದಿನ ಮೇಲೆಯೇ ಕೂತಿರುತ್ತಾರೆ. ನ್ಯಾಯವಾಗಿ ಹೇಳಬೇಕೆಂದರೆ ತಟ್ಟೆಯೊಳಗಿನ 22 ಗುಂಡು ತೀರಾ ತಗ್ಗಿನಲ್ಲಿವೆ, ಎದುರಿನಿಂದ ಬಂದ ಪೆಟ್ಟಿಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ತೊಂದರೆ ಇರುವುದು ಉಳಿದ ಗುಂಡುಗಳಲ್ಲಿ. ಅವನ್ನು ಟರೆಟ್ಟಿನ ಗೋಡೆಗೆ, ಇಂಧನದ ತೊಟ್ಟಿಯೊಳಗಿನ ಗೂಡುಗಳಿಗೆ, ಎಲ್ಲಿ ಸಂದಿ ಸಿಕ್ಕಿತೋ ಅಲ್ಲಿಗೆ ಸಿಕ್ಕಿಸಿರುತ್ತಾರೆ. ಒಂದಕ್ಕೆ ಬೆಂಕಿ ಹತ್ತಿದರೆ ಎಲ್ಲದಕ್ಕೂ ಹತ್ತುತ್ತದೆ, ಹಲವು ಟನ್ ತೂಗುವ ಟರೆಟ್ ಹಾರಿ ಪಕ್ಕಕ್ಕೆ ಬೀಳುತ್ತದೆ. 2022ರಿಂದ ಉಕ್ರೇನಿನಿಂದ ಬಂದ ಚಿತ್ರಗಳಲ್ಲಿ ಇದನ್ನು ಜಗತ್ತೆಲ್ಲ ನೋಡಿದೆ.

ಅಮೆರಿಕದವರು ಲೋಡರನನ್ನು ಉಳಿಸಿಕೊಂಡರು, ಮದ್ದನ್ನು ಮಾತ್ರ ಬೇರೆ ಕೋಣೆಗೆ ಕಳಿಸಿದರು. 1980ರಲ್ಲಿ ಬಂದ ಎಂ-1 ಏಬ್ರಮ್ಸ್‌ನ ಟರೆಟ್ಟಿನ ಹಿಂಭಾಗವೇ ಆ ಕೋಣೆ. ನಡುವೆ ಜಾರುವ ಉಕ್ಕಿನ ಬಾಗಿಲು. ಲೋಡರ್ ಮೊಣಕಾಲಿನಿಂದ ಸ್ವಿಚ್ಚು ಒತ್ತಿದರೆ ಬಾಗಿಲು ತೆರೆಯುತ್ತದೆ, ಅವನು ಗುಂಡು ತೆಗೆದುಕೊಂಡು ಕಾಲು ಸರಿಸಿದರೆ ಮುಚ್ಚುತ್ತದೆ. ಕೋಣೆಯ ಛಾವಣಿಯ ಹಲಗೆಗಳನ್ನು ಬೇಕೆಂದೇ ಬಲಹೀನವಾಗಿ ಕೂರಿಸಿದ್ದಾರೆ. ಪೆಟ್ಟು ಬಿದ್ದು ಮದ್ದು ಹತ್ತಿಕೊಂಡರೆ ಆ ಹಲಗೆಗಳು ಕಿತ್ತುಹೋಗಿ ಬೆಂಕಿ ಆಕಾಶಕ್ಕೆ ನುಗ್ಗುತ್ತದೆ, ಬಾಗಿಲಿನ ಈಚೆ ಇರುವವರು ಬದುಕುತ್ತಾರೆ. ಎಲ್ಲವನ್ನೂ ಗಟ್ಟಿ ಮಾಡುವುದೇ ಕಸುಬಾದ ಕಡೆ ಒಂದು ಜಾಗವನ್ನು ಲೆಕ್ಕ ಹಾಕಿ ದುರ್ಬಲವಾಗಿಟ್ಟಿದ್ದಾರಲ್ಲ, ಅದು ನನಗೆ ಬಹಳ ಇಷ್ಟ. ಟ್ಯಾಂಕಿನ ಮೂತಿ ತಗ್ಗಲಿ ಅಂತ ಚಾಲಕ ಬಹುಪಾಲು ಅಂಗಾತ ಒರಗಿಕೊಂಡೇ ಓಡಿಸುತ್ತಾನೆ. ಇಷ್ಟಾದರೂ ತೂಕ ತಪ್ಪಲಿಲ್ಲ. ಮೊದಲು 54 ಟನ್ ಇದ್ದದ್ದು ಈಗಿನ ಮಾದರಿಗಳಲ್ಲಿ 66 ದಾಟಿದೆ. 1500 ಅಶ್ವಶಕ್ತಿಯ ಟರ್ಬೈನ್ ಎಂಜಿನ್ನು ಇಂಧನ ಕುಡಿಯುವ ಪರಿಗೆ ಹಿಂದೆ ಟ್ಯಾಂಕರುಗಳ ಸಾಲೇ ಬರಬೇಕು.

ಲೆಪರ್ಡ್-2ರ ಹೆಗ್ಗಳಿಕೆ ಬೇರೆ. ಅದರ ಎಂಜಿನ್, ಗೇರ್‌ಪೆಟ್ಟಿಗೆ, ತಂಪುಗೊಳಿಸುವ ಯಂತ್ರ ಎಲ್ಲವೂ ಒಂದೇ ಗಂಟು. ಕೆಟ್ಟರೆ ಕ್ರೇನಿನ ವಾಹನ ಬಂದು ಗಂಟನ್ನೇ ಎತ್ತಿ ಇನ್ನೊಂದನ್ನು ಇಳಿಸುತ್ತದೆ, ಪಳಗಿದ ಕೈಗಳಿಗೆ ಅರ್ಧ ಗಂಟೆಯ ಕೆಲಸ. ಇಂಥ ಕ್ರೇನಿನ ವಾಹನಗಳಿಲ್ಲದೆ ಯಾವ ಟ್ಯಾಂಕು ಪಡೆಯೂ ದೂರ ಹೋಗದು, ಆದರೂ ಅವುಗಳ ಹೆಸರನ್ನು ಯಾರೂ ಎತ್ತುವುದಿಲ್ಲ. ನಮ್ಮ ಕೋಲಾರದ ಕೆಜಿಎಫ್‌ನಲ್ಲಿ ಬೆಮೆಲ್ ಕಾರ್ಖಾನೆ ಪೋಲೆಂಡಿನ ಸಹಯೋಗದಲ್ಲಿ ಕಟ್ಟಿಕೊಟ್ಟದ್ದು ಟಿ-72ರ ಅಡಿಗಟ್ಟಿನ ಮೇಲೆ ನಿಂತ ಇಂಥದೇ ವಾಹನವನ್ನು. ಇನ್ನು ಬ್ರಿಟಿಷರ ಟ್ಯಾಂಕುಗಳಲ್ಲಿ ಸೆಂಚುರಿಯನ್ ಮಾದರಿಯ ಕಾಲದಿಂದಲೂ ನೀರು ಕಾಯಿಸುವ ವಿದ್ಯುತ್ ಪಾತ್ರೆ ಇದೆ. ಚಹಾಕ್ಕೆಂದು ಮುಚ್ಚಳ ತೆರೆದು ಹೊರಗಿಳಿಯುವುದು ಎಷ್ಟು ಅಪಾಯ ಅನ್ನುವುದನ್ನು ಯುದ್ಧವೇ ಕಲಿಸಿತ್ತು. ನಗುವವರು ನಗಲಿ. ಕವಚದ ಕೆಲಸ ಜನರನ್ನು ಒಳಗಿಡುವುದೇ ಆದರೆ, ಆ ಪಾತ್ರೆಯೂ ಕವಚದ ಒಂದು ಭಾಗ.

ಈಗ ನನಗೆ ಎಲ್ಲಕ್ಕಿಂತ ಪ್ರಿಯವಾದ ಟ್ಯಾಂಕಿಗೆ ಬರುತ್ತೇನೆ. ಅದಕ್ಕೆ ಟರೆಟ್ಟೇ ಇಲ್ಲ.

1950ರ ದಶಕದಲ್ಲಿ ಸ್ವೀಡನ್ನಿನ ಸೇನೆಯ ಎಂಜಿನಿಯರ್ ಸ್ವೆನ್ ಬೆರ್ಗೆ ಹೀಗೆ ಯೋಚಿಸಿದರು: ಹೆಚ್ಚು ಪೆಟ್ಟು ತಿನ್ನುವುದು ಟರೆಟ್, ಟ್ಯಾಂಕನ್ನು ಎತ್ತರ ಮಾಡುವುದೂ ಟರೆಟ್. ಅದನ್ನು ತೆಗೆದುಹಾಕಿ ಫಿರಂಗಿಯನ್ನು ಒಡಲಿಗೇ ಬಿಗಿದರೆ ಏನಾಗುತ್ತದೆ? ಫಿರಂಗಿ ತಿರುಗಬೇಕೆಂದರೆ ಇಡೀ ಟ್ಯಾಂಕೇ ತಿರುಗಬೇಕು, ಹೋರಿ ಕೊಂಬನ್ನು ಗುರಿಗೆ ಹಿಡಿಯುವಾಗ ಮೈಯನ್ನೇ ತಿರುಗಿಸಿದ ಹಾಗೆ. ಎಡಬಲಕ್ಕೆ ಟ್ರ್ಯಾಕುಗಳು ತಿರುಗಿಸುತ್ತವೆ. ಮೇಲೆ ಕೆಳಗೆ? ಅದಕ್ಕೆ ಬೆರ್ಗೆ ಕಂಡುಕೊಂಡ ದಾರಿ ಎಣ್ಣೆ ಮತ್ತು ಅನಿಲದ ಒತ್ತಡದಲ್ಲಿ ನಿಂತ ಸಸ್ಪೆನ್ಷನ್. ಮುಂದಿನ ಚಕ್ರಗಳ ಮೇಲೆ ಒಡಲನ್ನು ತಗ್ಗಿಸಿ ಹಿಂದಿನವುಗಳ ಮೇಲೆ ಎಬ್ಬಿಸಿದರೆ ಟ್ಯಾಂಕು ಮೂಗು ಬಾಗಿಸುತ್ತದೆ, ತಿರುಗುಮುರುಗಾದರೆ ಮೂಗು ಎತ್ತುತ್ತದೆ. ಹೀಗೆ ಕೆಳಕ್ಕೆ 10 ಡಿಗ್ರಿ, ಮೇಲಕ್ಕೆ 12 ಡಿಗ್ರಿ. ಒಂದೇ ಹ್ಯಾಂಡಲ್ಲಿನಲ್ಲಿ ಓಡಿಸುವುದೂ ಗುರಿ ಹಿಡಿಯುವುದೂ ಆಗುತ್ತದೆ. ಅಂದರೆ ಚಾಲಕನೂ ಗನ್ನರನೂ ಒಬ್ಬನೇ.

ಎಸ್-ಟ್ಯಾಂಕ್ ಎಂದು ಕರೆಯುವ ಈ ಸ್ಟ್ರಿಡ್ಸ್‌ವಾಗ್ನ್-103 ತಯಾರಾದದ್ದು ಬೋಫೋರ್ಸ್ ಕಂಪನಿಯಲ್ಲಿ. ನಮ್ಮ ಕಡೆ ಆ ಹೆಸರು ಹೇಳಿದರೆ ನೆನಪಾಗುವುದು ಹಗರಣವೊಂದೇ, ಪಾಪ. ಛಾವಣಿಯವರೆಗೆ ಅಳೆದರೆ ಇದರ ಎತ್ತರ ಸುಮಾರು 1.9 ಮೀಟರ್, ಪಕ್ಕದಲ್ಲಿ ನಿಂತ ಎತ್ತರದ ಆಳೊಬ್ಬನಷ್ಟೇ. ಮುಂಭಾಗದ ಹಲಗೆ ಎಷ್ಟು ಓರೆ ಎಂದರೆ ಅದು ಬಹುಮಟ್ಟಿಗೆ ಮಲಗಿದೆ. ಓರೆಯಾದಷ್ಟೂ ಗುಂಡು ಕೊರೆಯಬೇಕಾದ ಉಕ್ಕು ದಪ್ಪವಾಗುತ್ತದೆ. ನೇರ ನಿಂತ ಹಲಗೆಯನ್ನು 60 ಡಿಗ್ರಿ ಹಿಂದಕ್ಕೆ ವಾಲಿಸಿದರೆ ಅದು ದುಪ್ಪಟ್ಟು ದಪ್ಪದ ಕೆಲಸ ಮಾಡುತ್ತದೆ. ಎಸ್-ಟ್ಯಾಂಕಿನದು 78 ಡಿಗ್ರಿ. ಡೀಸೆಲ್ ಒಂದು, ಗ್ಯಾಸ್ ಟರ್ಬೈನ್ ಒಂದು, ಎರಡೂ ಎಂಜಿನ್ನುಗಳು ಮುಂದೆಯೇ ಇದ್ದು ತಾವೂ ಕವಚವಾಗುತ್ತವೆ. ಏಬ್ರಮ್ಸ್‌ಗಿಂತ ಹತ್ತು ವರ್ಷಕ್ಕೂ ಮೊದಲೇ ಟರ್ಬೈನ್ ಹೊತ್ತು ಸೇನೆಗೆ ಸೇರಿದ ಟ್ಯಾಂಕು ಇದು. ಫಿರಂಗಿ ಅಲುಗಾಡದ್ದರಿಂದ ಗುಂಡು ತುಂಬುವ ಯಂತ್ರವೂ ಸರಳವಾಯಿತು. ಹಿಂಭಾಗದ ಗೂಡಿನಲ್ಲಿ 50 ಗುಂಡು, ನಿಮಿಷಕ್ಕೆ ಹದಿನೈದರವರೆಗೆ ಹಾರಿಸಬಹುದು.

ಒಳಗಿರುವ ಮೂವರಲ್ಲಿ ಮೂರನೆಯವನು ಹಿಂದಕ್ಕೆ ಮುಖ ಮಾಡಿ ಕೂರುತ್ತಾನೆ. ಅವನು ರೇಡಿಯೋ ನೋಡಿಕೊಳ್ಳುವವನು, ಹಿಮ್ಮೆಟ್ಟುವ ಹೊತ್ತು ಬಂದರೆ ಅವನೇ ಚಾಲಕ. ಮುಂದೆ ಹೋದಷ್ಟೇ ವೇಗವಾಗಿ ಟ್ಯಾಂಕು ಹಿಂದಕ್ಕೂ ಓಡುತ್ತದೆ, ದಪ್ಪ ಮೂತಿ ಮಾತ್ರ ಶತ್ರುವಿನ ಕಡೆಗೇ ಇರುತ್ತದೆ. ತನ್ನ ಕಾಡು ಕಣಿವೆಗಳಲ್ಲಿ ಹೊಂಚು ಹಾಕಿ ಹೊಡೆದು ಹಿಂದೆ ಸರಿಯುವುದೇ ಸ್ವೀಡನ್ನಿನ ಯುದ್ಧತಂತ್ರವಾಗಿತ್ತು, ಟ್ಯಾಂಕೂ ಅದಕ್ಕೆ ತಕ್ಕಂತೆ ಹುಟ್ಟಿತು. ಹೊಂಚಿನ ಗುಂಡಿ ತೋಡಿಕೊಳ್ಳಲು ಮೂತಿಯ ಅಡಿಯಲ್ಲಿ ಮಡಿಸಿಟ್ಟ ಬುಲ್‌ಡೋಜರ್ ಅಲಗೂ ಇದೆ. 290 ಟ್ಯಾಂಕುಗಳನ್ನು ಕಟ್ಟಿದರು. ಓಡುತ್ತಲೇ ಹೊಡೆಯುವುದು ಮಾತ್ರ ಅದಕ್ಕೆ ಆಗದ ಮಾತು. ಉಳಿದವರ ಫಿರಂಗಿಗಳು ಗೈರೋಸ್ಕೋಪಿನ ನೆರವಿನಿಂದ ಓಟದಲ್ಲೂ ಗುರಿ ಬಿಡದಷ್ಟು ಸ್ಥಿರವಾದ ಮೇಲೆ ಎಸ್-ಟ್ಯಾಂಕಿನ ಕಾಲ ಮುಗಿಯಿತು. 1997ರ ಹೊತ್ತಿಗೆ ಸ್ವೀಡನ್ ಅದನ್ನು ಬಿಟ್ಟು ಲೆಪರ್ಡ್-2ಕ್ಕೆ ಬಂದಿತ್ತು. ಒಂದು ಯುದ್ಧವನ್ನೂ ಕಾಣದೆ ಮುಗಿದ ಟ್ಯಾಂಕು. ಅದಕ್ಕಿಂತ ಒಳ್ಳೆಯ ದಾಖಲೆ ಯಾವ ಆಯುಧಕ್ಕೆ ಬೇಕು?

ಇಸ್ರೇಲಿನ ಮೆರ್ಕವಾದ ಹುಟ್ಟಿನ ಹಿಂದೆ ಒಂದು ನಿರಾಸೆ ಇದೆ. ಬ್ರಿಟನ್ ತನ್ನ ಚೀಫ್‌ಟನ್ ಟ್ಯಾಂಕನ್ನು ಮಾರುವುದಿಲ್ಲವೆಂದು 1969ರಲ್ಲಿ ಹಿಂದೆ ಸರಿಯಿತು. ಜನರಲ್ ಇಸ್ರೇಲ್ ತಾಲ್ ಸ್ವಂತ ಟ್ಯಾಂಕು ಕಟ್ಟಲು ಕೂತರು. ಚಿಕ್ಕ ದೇಶ, ತರಬೇತಾದ ಸಿಬ್ಬಂದಿ ಲೆಕ್ಕದಷ್ಟೇ ಜನ. 1973ರ ಯುದ್ಧದಲ್ಲಿ ಅವರಲ್ಲಿ ಅನೇಕರು ಸತ್ತರು. ಉಕ್ಕು ಹೋದರೆ ಹೋಗಲಿ, ಜನ ಉಳಿಯಲಿ ಎಂಬುದು ತಾಲ್ ಅವರ ಲೆಕ್ಕ. ಎಂಜಿನ್ನನ್ನು ಮುಂದಕ್ಕೆ ತಂದು ಸಿಬ್ಬಂದಿಗೆ ಅಡ್ಡ ನಿಲ್ಲಿಸಿದರು. ಹಿಂದೆ ತೆರವಾದ ಜಾಗದಲ್ಲಿ ಮದ್ದುಗುಂಡು ಇಟ್ಟು ಬೆನ್ನಿಗೊಂದು ಬಾಗಿಲು ಕೊಟ್ಟರು. ಬೆಂಕಿ ಬಿದ್ದರೆ ಮೇಲಿನ ಮುಚ್ಚಳದಿಂದ ಗುಂಡುಗಳ ನಡುವೆ ತಲೆ ಎತ್ತಬೇಕಾಗಿಲ್ಲ, ಹಿಂದಿನಿಂದ ಇಳಿದು ಓಡಬಹುದು. ಗುಂಡಿನ ಗೂಡುಗಳನ್ನು ಇಳಿಸಿದರೆ ಅದೇ ಜಾಗದಲ್ಲಿ ಗಾಯಾಳುಗಳನ್ನು ಒಯ್ಯಬಹುದು.

ಇದಕ್ಕೂ ಬೆಲೆ ಇದೆ. ಮುಂದಿನ ಎಂಜಿನ್ನಿನ ಬಿಸಿಗಾಳಿ ಗನ್ನರನ ಶಾಖದೃಷ್ಟಿಯ ಕನ್ನಡಿಯೆದುರು ನಡುಗುತ್ತದೆ, ಮೂತಿ ಎತ್ತರವಾಗುತ್ತದೆ. ಟರೆಟ್ಟಿನ ಹಿಂಬದಿಯ ಕೆಳಗಿನ ಸಂದಿಗೆ ರಾಕೆಟ್ ಬಡಿಯದಿರಲೆಂದು ಅಲ್ಲಿ ಕಬ್ಬಿಣದ ಗುಂಡುಗಳನ್ನು ಕಟ್ಟಿದ ಸರಪಣಿಗಳನ್ನು ಸಾಲಾಗಿ ಇಳಿಬಿಟ್ಟಿದ್ದಾರೆ, ರಾಕೆಟ್ಟು ಅದಕ್ಕೆ ತಾಗಿ ಮೊದಲೇ ಸಿಡಿಯಲಿ ಅಂತ. ಇಷ್ಟು ಅಗ್ಗದ ಉಪಾಯದ ಪಕ್ಕದಲ್ಲೇ, ಅದೇ ಟ್ಯಾಂಕಿನ ನಾಲ್ಕನೇ ಮಾದರಿಯಲ್ಲಿ, ಟ್ರೋಫಿ ಎಂಬ ದುಬಾರಿ ವ್ಯವಸ್ಥೆ ಇದೆ. ನಾಲ್ಕು ಕಡೆಯ ರಾಡಾರುಗಳು ಬರುತ್ತಿರುವ ರಾಕೆಟ್ಟನ್ನು ಕಂಡುಹಿಡಿದರೆ, ಅದು ತಾಗುವ ಮುಂಚೆಯೇ ವ್ಯವಸ್ಥೆ ಅದನ್ನು ಹೊಡೆದು ಕೆಡವುತ್ತದೆ. 2011ರ ಮಾರ್ಚಿನಲ್ಲಿ ಗಾಜಾ ಗಡಿಯಲ್ಲಿ ಅದು ನಿಜವಾದ ದಾಳಿಯೊಂದನ್ನು ಮೊದಲ ಸಲ ತಡೆಯಿತು.

ಜಪಾನಿನದು ರಸ್ತೆಗಳ ಕಷ್ಟ. 50 ಟನ್ನಿನ ಟೈಪ್-90 ಹೆಚ್ಚಾಗಿ ಹೊಕ್ಕೈಡೋ ದ್ವೀಪಕ್ಕೇ ಸೀಮಿತವಾಯಿತು. ಉಳಿದ ದ್ವೀಪಗಳ ಸೇತುವೆಗಳಿಗಾಗಿ 44 ಟನ್ನಿನ ಟೈಪ್-10 ಕಟ್ಟಿದರು. ನಮ್ಮ ಅರ್ಜುನ್ ಇದಕ್ಕೆ ತದ್ವಿರುದ್ಧ. ನಾಲ್ವರು, ಆರಾಮವಾದ ಒಳಾಂಗಣ, ಹೈದರಾಬಾದಿನಲ್ಲಿ ರೂಪಿಸಿದ ಕಾಂಚನ್ ಕವಚ, ತೂಕ 58 ಟನ್ನಿಗೂ ಹೆಚ್ಚು. ರಾಜಸ್ಥಾನದ ಮರಳಿನಲ್ಲಿ ಚೆನ್ನಾಗಿ ಓಡುತ್ತದೆ, ಪಂಜಾಬಿನ ಕಾಲುವೆಗಳ ಸೇತುವೆಗಳ ಮಾತು ಬಂದಾಗ ಚರ್ಚೆ ಶುರುವಾಗುತ್ತದೆ.

2015ರಲ್ಲಿ ಮಾಸ್ಕೋದ ವಿಜಯೋತ್ಸವದಲ್ಲಿ ರಷ್ಯಾ ತೋರಿಸಿದ ಟಿ-14 ಅರ್ಮಾಟಾದ ಟರೆಟ್ಟಿನಲ್ಲಿ ಒಬ್ಬರೂ ಇಲ್ಲ. ಮೂವರೂ ಒಡಲಿನ ಮುಂಭಾಗದ ಕವಚದ ಡಬ್ಬದಲ್ಲಿ ಕೂತು ಹೆಚ್ಚಾಗಿ ಕ್ಯಾಮೆರಾಗಳ ಮೂಲಕ ಹೊರಗೆ ನೋಡುತ್ತಾರೆ. ಟಿ-72ರ ತಪ್ಪನ್ನು ಅದನ್ನು ಮಾಡಿದವರೇ ತಿದ್ದಿಕೊಂಡ ಬಗೆ ಅದು, ಸೇನೆಯ ಕೈಗೆ ರಾಶಿಯಾಗಿ ಬರಲಿಲ್ಲ ಅನ್ನುವುದು ಬೇರೆ ಮಾತು. 2022ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಜರ್ಮನಿಯ ರೈನ್‌ಮೆಟಾಲ್ ಇಟ್ಟ ಕೆಎಫ್-51 ಪ್ಯಾಂಥರ್‌ನಲ್ಲಿ ಗುಂಡು ತುಂಬುವುದು ಯಂತ್ರ, ಆದರೂ ನಾಲ್ಕನೆಯ ಸೀಟಿಗೆ ಜಾಗ ಬಿಟ್ಟಿದ್ದಾರೆ. ಅಲ್ಲಿ ಡ್ರೋನ್ ಹಾರಿಸುವವನು ಕೂರಬಹುದು.

ಡ್ರೋನ್ ಬಂದ ಮೇಲೆ ಎಲ್ಲರ ಕಣ್ಣೂ ಛಾವಣಿಯ ಮೇಲೆ. ಹತ್ತಾರು ವರ್ಷ ಎಲ್ಲಕ್ಕಿಂತ ತೆಳುವಾಗಿ ಬಿಟ್ಟಿದ್ದ ಭಾಗಕ್ಕೆ ಉಕ್ರೇನಿನಲ್ಲಿ ಎರಡೂ ಕಡೆಯವರು ಜಾಲರಿ ಬೆಸೆದು ಚಪ್ಪರ ಹಾಕಿಕೊಂಡಿದ್ದಾರೆ. ಛಾವಣಿಯನ್ನೂ ಮೂತಿಯಷ್ಟು ದಪ್ಪ ಮಾಡಿದರೆ ಟ್ಯಾಂಕು ಏಳುವುದಿಲ್ಲ. ಹಾಗಾಗಿ ಈಗ ಕೆಲವರು ತೂಕ ಇಳಿಸುವ ಕಡೆಗೂ ಹೊರಟಿದ್ದಾರೆ. ಲಡಾಖಿನ ತೆಳುಗಾಳಿಯಲ್ಲಿ ಭಾರದ ಟ್ಯಾಂಕುಗಳ ಎಂಜಿನ್ನು ಏದುಸಿರು ಬಿಡುವುದನ್ನು ಕಂಡ ಮೇಲೆ ಡಿಆರ್‌ಡಿಓ ಮತ್ತು ಎಲ್ ಅಂಡ್ ಟಿ ಸೇರಿ ಕಟ್ಟಿದ ಜೋರಾವರ್ 25 ಟನ್ನಿನದು, ಒಳಗೆ ಮೂವರೇ, ಸಿ-17 ವಿಮಾನದಲ್ಲಿ ಒಟ್ಟಿಗೆ ಎರಡು ಹಿಡಿಸುತ್ತವೆ. 2024ರ ಜುಲೈಯಲ್ಲಿ ಗುಜರಾತಿನ ಹಜೀರಾದಲ್ಲಿ ಅದನ್ನು ತೋರಿಸಿದರು. ಅದೇ ವರ್ಷ ಡಿಸೆಂಬರಿನಲ್ಲಿ ಅದು 4200 ಮೀಟರಿಗೂ ಹೆಚ್ಚು ಎತ್ತರದಲ್ಲಿ ನಿಂತು ಗುಂಡು ಹಾರಿಸಿತು.