ಕಚೇರಿಯ ಗಣಕಯಂತ್ರಕ್ಕೆ ಲಿನಕ್ಸ್: ಲಾಭವೆಷ್ಟು, ತೊಡಕೆಷ್ಟು?

ವಿಂಡೋಸ್ 10 ಆಪರೇಟಿಂಗ್ ಸಿಸ್ಟಂಗೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಉಚಿತ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಅಂತಹ ಗಣಕಯಂತ್ರಗಳು ನಿಂತುಹೋಗಿಲ್ಲವಾದರೂ, ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳಿಗೆ ಪರಿಹಾರವು ಈಗ ತಾನಾಗಿಯೇ ದೊರೆಯುವುದಿಲ್ಲ. ವ್ಯಾಪಾರ ಸಂಸ್ಥೆಗಳು ವಿಸ್ತೃತ ಭದ್ರತಾ ಸೇವೆಯನ್ನು ಗರಿಷ್ಠ ಮೂರು ವರ್ಷ ಪಡೆಯಬಹುದು. ಯಂತ್ರವೊಂದಕ್ಕೆ ಮೊದಲ ವರ್ಷ 61 ಡಾಲರ್ ನಿಗದಿಯಾಗಿದ್ದು, ದರವು ಪ್ರತಿವರ್ಷ ಇಮ್ಮಡಿಯಾಗುತ್ತದೆ. ಮೂರು ವರ್ಷಕ್ಕೆ ಒಟ್ಟು 427 ಡಾಲರ್. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಹಾಗೂ ಇತ್ತೀಚಿನ ತಲೆಮಾರಿನ ಪ್ರೊಸೆಸರ್ ಅಗತ್ಯವಿರುವುದರಿಂದ, ಸುಸ್ಥಿತಿಯಲ್ಲಿರುವ ಅನೇಕ ಹಳೆಯ ಯಂತ್ರಗಳು ಅದಕ್ಕೆ ಅರ್ಹವಾಗುವುದಿಲ್ಲ. ಆದುದರಿಂದ ಲಿನಕ್ಸ್‌ನ ಸಾಧಕ ಬಾಧಕಗಳನ್ನು ವರ್ತಕರೂ ಸಣ್ಣ ಉದ್ಯಮಿಗಳೂ ತೂಗಿನೋಡುವುದು ಉಚಿತ.

ಲಿನಕ್ಸ್‌ನ ತಿರುಳನ್ನು ಫಿನ್ಲೆಂಡಿನ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೊರತಂದರು. ಅದನ್ನು ಆಧರಿಸಿದ ಉಬುಂಟು, ಲಿನಕ್ಸ್ ಮಿಂಟ್ ಮೊದಲಾದ ಆವೃತ್ತಿಗಳು ಕಚೇರಿ ಬಳಕೆಗೆ ಯೋಗ್ಯವಾಗಿವೆ.

ಮೊದಲನೆಯ ಲಾಭ ವೆಚ್ಚದ್ದು. ಈ ಆವೃತ್ತಿಗಳಿಗೆ ಪರವಾನಗಿ ಶುಲ್ಕವಿಲ್ಲ. ಎಷ್ಟು ಯಂತ್ರಗಳಲ್ಲಾದರೂ ಅಳವಡಿಸಬಹುದು. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗೆ ಐದು ವರ್ಷ ಉಚಿತ ಭದ್ರತಾ ಪರಿಷ್ಕರಣೆ ದೊರೆಯುತ್ತದೆ. ಲಿನಕ್ಸ್ ಮಿಂಟ್ 4 ಜಿಬಿ ಮೆಮೊರಿಯ ಯಂತ್ರದಲ್ಲಿಯೂ ಸಲೀಸಾಗಿ ನಡೆಯಬಲ್ಲದು. ಎರಡನೆಯದು ಕಾನೂನಿನ ನೆಮ್ಮದಿ. ಅನಧಿಕೃತ ಪ್ರತಿಯೆಂದು ತಿಳಿದೂ ತಂತ್ರಾಂಶವನ್ನು ಬಳಸಿದರೆ 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನನ್ವಯ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ ಮತ್ತು 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಮೂರನೆಯದಾಗಿ, ವಿಂಡೋಸ್‌ಗೆಂದು ರಚಿತವಾದ ವೈರಸ್‌ಗಳು ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ಆದರೆ ಮೋಸದ ಮಿಂಚಂಚೆಯ ಮೂಲಕ ಗುಪ್ತಪದ ಕದಿಯುವವರಿಂದ ಯಾವ ಸಿಸ್ಟಂ ಕೂಡ ರಕ್ಷಣೆ ನೀಡದು.

ತೊಡಕುಗಳೂ ಕಡಿಮೆಯಿಲ್ಲ. ಲೆಕ್ಕಪತ್ರಕ್ಕೆ ವ್ಯಾಪಕವಾಗಿ ಬಳಕೆಯಲ್ಲಿರುವ ಬೆಂಗಳೂರು ಮೂಲದ ಟ್ಯಾಲಿ ತಂತ್ರಾಂಶವು ವಿಂಡೋಸ್‌ಗೆಂದೇ ರಚಿತವಾದುದು. ವೈನ್ ಎಂಬ ಸಹಾಯಕ ತಂತ್ರಾಂಶದ ಮೂಲಕ ಕೆಲವು ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ನಡೆಸಬಹುದಾದರೂ, ವರ್ಷಾಂತ್ಯದ ಲೆಕ್ಕವನ್ನು ಅದರ ಭರವಸೆಯ ಮೇಲೆ ಬಿಡುವುದು ವಿವೇಕವಲ್ಲ. ಜಿಎಸ್‌ಟಿ ಪೋರ್ಟಲ್ ಬ್ರೌಸರ್‌ನಲ್ಲಿ ತೆರೆದುಕೊಳ್ಳುತ್ತದೆ. ಆದರೆ ರಿಟರ್ನ್ ಸಿದ್ಧಪಡಿಸುವ ಆಫ್‌ಲೈನ್ ಉಪಕರಣಕ್ಕೆ ವಿಂಡೋಸ್ ಬೇಕು. ಡಿಜಿಟಲ್ ಸಹಿಯ ಟೋಕನ್, ಬಾರ್‌ಕೋಡ್ ಮುದ್ರಕ, ಬಿಲ್ ಪ್ರಿಂಟರ್ ಇವುಗಳಿಗೆ ಲಿನಕ್ಸ್ ಡ್ರೈವರ್ ಇದೆಯೇ ಎಂಬುದನ್ನು ಮಾರಾಟಗಾರರಿಂದ ಮೊದಲೇ ಖಚಿತಪಡಿಸಿಕೊಳ್ಳಬೇಕು. ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿರುವ ಕನ್ನಡ ಪತ್ರಗಳನ್ನು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದು ಒಳಿತು. ಲಿಬ್ರೆಆಫೀಸ್‌ನಲ್ಲಿ ಎಕ್ಸೆಲ್ ಕಡತಗಳು ತೆರೆದುಕೊಳ್ಳುತ್ತವೆಯಾದರೂ, ಮ್ಯಾಕ್ರೋಗಳಿರುವ ಕಡತಗಳು ಕೈಕೊಡಬಹುದು. ಸಿಬ್ಬಂದಿಯ ತರಬೇತಿ ಹಾಗೂ ಲಿನಕ್ಸ್ ಬಲ್ಲ ದುರಸ್ತಿಗಾರನ ಲಭ್ಯತೆಯೂ ವೆಚ್ಚದ ಬಾಬತ್ತೇ ಆಗಿದೆ.

ಆದಕಾರಣ ಸಂಸ್ಥೆಗೆ ಯಾವುದು ಮೇಲು ಎಂಬುದಕ್ಕಿಂತ ಯಾವ ಮೇಜಿಗೆ ಯಾವುದು ಸಾಕು ಎಂಬುದನ್ನು ವಿಚಾರಿಸುವುದು ಸೂಕ್ತ. ಐದು ಗಣಕಯಂತ್ರಗಳಿರುವ ಕಾರ್ಖಾನೆಯಲ್ಲಿ ಲೆಕ್ಕಪತ್ರ ಮತ್ತು ತೆರಿಗೆಯ ಯಂತ್ರಕ್ಕೆ ಅಧಿಕೃತ ವಿಂಡೋಸ್ 11 ಇರಲಿ. ಪತ್ರವ್ಯವಹಾರ, ಮಿಂಚಂಚೆ, ದರಪಟ್ಟಿ ಹಾಗೂ ದಾಸ್ತಾನು ಪಟ್ಟಿಯ ಯಂತ್ರಗಳಿಗೆ ಲಿನಕ್ಸ್ ಸಾಕಾಗಬಹುದು. ಇದರಿಂದ ಐದು ಹೊಸ ಯಂತ್ರಗಳನ್ನು ಕೊಳ್ಳುವ ವೆಚ್ಚವು ಒಂದಕ್ಕೆ ಇಳಿಯುತ್ತದೆ.

ಬದಲಾವಣೆಯನ್ನು ಮಾರ್ಚ್ ತಿಂಗಳಲ್ಲಾಗಲಿ, ರಿಟರ್ನ್ ಸಲ್ಲಿಕೆಯ ವಾರದಲ್ಲಾಗಲಿ ಕೈಗೊಳ್ಳಬಾರದು. ಮೊದಲು ಸಮಸ್ತ ಕಡತಗಳನ್ನೂ ಹೊರಗಿನ ಹಾರ್ಡ್ ಡಿಸ್ಕ್‌ಗೆ ನಕಲಿಸಿಕೊಂಡು, ಆ ನಕಲು ತೆರೆಯುತ್ತದೆಯೇ ಎಂದು ಪರೀಕ್ಷಿಸತಕ್ಕದ್ದು. ಲಿನಕ್ಸ್ ಅನ್ನು ಪೆನ್‌ಡ್ರೈವ್‌ನಿಂದಲೇ ಚಾಲನೆಗೊಳಿಸಿ, ಯಂತ್ರದಲ್ಲಿರುವುದನ್ನು ಅಳಿಸದೆ ಮುದ್ರಣ, ಅಂತರ್ಜಾಲ ಮತ್ತು ಕನ್ನಡ ಬೆರಳಚ್ಚನ್ನು ಪರೀಕ್ಷಿಸಲು ಅವಕಾಶವಿದೆ. ನಂತರ ಒಂದೇ ಯಂತ್ರದಲ್ಲಿ ಒಂದು ತಿಂಗಳು ನಡೆಸಿ, ಅದನ್ನು ದಿನನಿತ್ಯ ಬಳಸುವ ಗುಮಾಸ್ತರ ಅಭಿಪ್ರಾಯ ಪಡೆದು ಮುಂದುವರಿಯುವುದು ಲೇಸು. ಪರವಾನಗಿಯಲ್ಲಿ ಉಳಿಸಿದ ಹಣವು ಕೆಲಸ ನಿಂತ ಒಂದು ದಿನದ ನಷ್ಟಕ್ಕೆ ಸರಿಹೋದರೆ ಆ ಉಳಿತಾಯಕ್ಕೆ ಅರ್ಥವಿರದು.