ಕೇಪಳದ ಗುರುತು ಎಲೆಯ ಬುಡದಲ್ಲಿ

ಕೆಂಪು ಹೂವಿನದು ನಮ್ಮ ಗುಡ್ಡದ ಕೇಪಳ, ಹಳದಿ ಅಥವಾ ಕೇಸರಿಯದು ಹೊರಗಿನಿಂದ ಬಂದದ್ದು ಎಂದುಕೊಳ್ಳಬಹುದೇ ಎಂದು ಓದುಗರೊಬ್ಬರು ಕೇಳಿದ್ದಾರೆ. ಖಂಡಿತ ಬೇಡ. ಕರಾವಳಿಯ ಕೇಪಳ, ಅಂದರೆ ಇಕ್ಸೋರಾ ಕಾಕ್ಸಿನಿಯಾ, ಹಳದಿಯಲ್ಲೂ ಅರಳುತ್ತದೆ. ದಕ್ಷಿಣ ಚೀನಾ ಮತ್ತು ಆಗ್ನೇಯ ಏಷ್ಯಾ ಮೂಲದ ಇಕ್ಸೋರಾ ಚೈನೆನ್ಸಿಸ್‌ನಲ್ಲಿ ಕೆಂಪು, ಕೇಸರಿ, ಗುಲಾಬಿ, ಬಿಳಿ ಎಲ್ಲವೂ ಉಂಟು. ಬಣ್ಣದಿಂದ ಪ್ರಭೇದ ಹೇಳುವುದು ಅಂಗಿ ನೋಡಿ ಊರು ಹೇಳಿದ ಹಾಗೆ. ಗೊಂಚಲಿನ ಫೋಟೊ ಒಂದನ್ನೇ ನೋಡಿ ಹೆಸರು ಉಸುರುವ ಫೋನ್ ಆ್ಯಪ್‌ಗಳ ಆತ್ಮವಿಶ್ವಾಸವನ್ನೂ ಹಾಗಾಗಿ ಅರ್ಧಕ್ಕೆ ಇಳಿಸಿಕೊಳ್ಳುವುದು ಒಳ್ಳೆಯದು.

ತೋಟಗಾರ ತಲೆಮಾರುಗಳಿಂದ ಆರಿಸಿ ಬೆಳೆಸಿದ್ದು ಬಣ್ಣವನ್ನು, ಗೊಂಚಲಿನ ಗಾತ್ರವನ್ನು, ಗಿಡದ ಕುಳ್ಳತನವನ್ನು. ಎಸಳಿನ ತುದಿ ಚೂಪೋ ಮೊಂಡೋ ಎಂದು ಯಾವ ಗಿರಾಕಿಯೂ ಕೇಳುವುದಿಲ್ಲ. ಯಾರೂ ಕೈಹಾಕದ ಇಂಥ ಲಕ್ಷಣಗಳೇ ಹೆಚ್ಚು ನಂಬಿಕೆಗೆ ಯೋಗ್ಯ. ಕಾಕ್ಸಿನಿಯಾದ ನಾಲ್ಕೂ ಎಸಳು ತುದಿಯಲ್ಲಿ ಚೂಪು. ಎಲೆಗೆ ತೊಟ್ಟು ಇಲ್ಲವೆನ್ನುವಷ್ಟು ಗಿಡ್ಡ, ಎಲೆಯ ಬುಡ ದುಂಡಗೆ ಅಥವಾ ಹೃದಯದಂತೆ ರೆಂಬೆಗೆ ಒತ್ತಿಕೊಂಡಿರುತ್ತದೆ. ಚೈನೆನ್ಸಿಸ್‌ನ ಎಸಳ ತುದಿ ದುಂಡು. ಎಲೆ ಬುಡದತ್ತ ಕಿರಿದಾಗುತ್ತಾ ಬಂದು ಚಿಕ್ಕ ತೊಟ್ಟಿಗೆ ಸೇರುತ್ತದೆ. ಎರಡೂ ಕಾಫಿಯ ಕುಟುಂಬದವೇ ಆದ್ದರಿಂದ ಎದುರುಬದುರು ಎಲೆಗಳು ಇಲ್ಲಿ ಯಾವುದನ್ನೂ ಬೇರ್ಪಡಿಸುವುದಿಲ್ಲ. ಇವೆರಡರ ಹೆಸರಿನ ಕಥೆಯೂ ಬೇರೆ ಬೇರೆ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಎಂಬ ಸಸ್ಯಗ್ರಂಥ ನಮ್ಮ ಕೇಪಳವನ್ನು ಚಿತ್ರಸಹಿತ ದಾಖಲಿಸಿತ್ತು. ಭಾರತಕ್ಕೆ ಕಾಲಿಡದ ಲಿನೇಯಸ್ 1753ರಲ್ಲಿ ಅದಕ್ಕೆ ಇಂದಿನ ಹೆಸರಿಟ್ಟ. ಚೈನೆನ್ಸಿಸ್ ಲಮಾರ್ಕ್‌ನಿಂದ ಹೆಸರು ಪಡೆದದ್ದು 1789ರಲ್ಲಿ.

ಎಲೆಯೂ ನೆರಳಲ್ಲಿ ಒಂದು, ಬಿಸಿಲಲ್ಲಿ ಇನ್ನೊಂದು ಥರ ಬೆಳೆಯುವುದಿಲ್ಲವೇ ಎಂದು ಕೇಳಬಹುದು. ಬೆಳೆಯುತ್ತದೆ, ಆದರೆ ಹೆಚ್ಚಾಗಿ ವ್ಯತ್ಯಾಸವಾಗುವುದು ಉದ್ದ-ಅಗಲದಲ್ಲಿ. ಗೊಂಚಲಿಗೆ ತಾಗಿಕೊಂಡ ಎಲೆಜೋಡಿ ಮಾತ್ರ ಕೆಲವೊಮ್ಮೆ ಉಳಿದವುಗಳಂತೆ ಇರುವುದಿಲ್ಲ. ರೆಂಬೆಯ ನಡುವಿನ, ಬಲಿತ ನಾಲ್ಕಾರು ಎಲೆ ನೋಡಿ, ಎಸಳಿನ ಸಾಕ್ಷ್ಯದ ಜೊತೆ ಹೊಂದಿಸಬೇಕು. ಮಿಶ್ರತಳಿಗಳೂ ಇವೆಯಲ್ಲ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಚೂಪು ಎಸಳಿಗೆ ತೊಟ್ಟಿರುವ ಎಲೆ ಜೊತೆಯಾದ ಗಿಡ ನರ್ಸರಿಯಲ್ಲಿ ಸಿಕ್ಕರೆ ಅದನ್ನು ಎರಡರಲ್ಲೊಂದಕ್ಕೆ ತಳ್ಳುವ ಹಟ ಬೇಡ. ‘ಇಕ್ಸೋರಾ, ತೋಟದ ತಳಿ’ ಎಂದು ಬರೆದಿಟ್ಟರೆ ಸಾಕು, ಸಸ್ಯವಿಜ್ಞಾನಿಯೂ ತಕರಾರು ಮಾಡುವುದಿಲ್ಲ.